ತಿಳಿನೀರೆಲ್ಲ ಶುದ್ಧ ನೀರಲ್ಲ

ನಮ್ಮ ಕುಷ್ಟಗಿ ಮತ್ತು ಇಂದಿನ ತೆಲಂಗಾಣದ ನಲ್ಗೊಂಡ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಭಾಷಾವಾರು ವಿಂಗಡಣೆಯಾದಾಗ ಕುಷ್ಟಗಿ ರಾಯಚೂರು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸ ಕೊಪ್ಪಳ ಜಿಲ್ಲೆಗೆ ಸೇರಿತು. ಗಡಿಗಳು ಬದಲಾದವು. ಆದರೆ ನೆಲದಡಿಯ ಬಂಡೆ ಮತ್ತು ಅದರಿಂದ ನೀರಿಗಿಳಿಯುವ ಫ್ಲೋರೈಡ್ ಎರಡೂ ಕಡೆ ಹಾಗೆಯೇ ಉಳಿದವು.

ಹಲ್ಲು ಕೆಡಿಸುವ, ಮೂಳೆ ಬಾಗಿಸುವ ಈ ಫ್ಲೋರೈಡನ್ನು ತೆಗೆಯಲು ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಒಂದು ಸುಲಭ ವಿಧಾನವನ್ನು ರೂಪಿಸಿದರು. ನೀರಿಗೆ ಸುಣ್ಣ, ಆಲಂ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸಿ ಕಲಕಿ, ತಿಳಿಯಾಗಲು ಬಿಡುವುದು. ಇದಕ್ಕೆ 'ನಲ್ಗೊಂಡ ವಿಧಾನ' ಎಂದೇ ಹೆಸರಾಯಿತು. ಆಲಂ ಎಂದರೆ ನಮ್ಮ ಮನೆಗಳ ಪಟಿಕದ, ಉರ್ದುವಿನ ಫಿಟ್ಕರಿಯ ಜಾತಿಯದೇ.

ಕಾರ್ಖಾನೆಯಲ್ಲಿ ಆಲಂ ತಯಾರಾಗುವುದು ಬಾಕ್ಸೈಟ್ ಅದಿರು ಮತ್ತು ಗಂಧಕಾಮ್ಲದಿಂದ. ಇವುಗಳಲ್ಲಿ ಸೀಸ, ಆರ್ಸೆನಿಕ್ ಮುಂತಾದವುಗಳ ಅಂಶವಿದ್ದರೆ ಅದು ಆಲಂಗೂ ಬರುತ್ತದೆ. ಒಂದು ಕಿಲೋ ಆಲಂನಲ್ಲಿ 10 ಮಿಲಿಗ್ರಾಂ ಆರ್ಸೆನಿಕ್ ಇದೆಯೆಂದು ಲೆಕ್ಕಕ್ಕಾಗಿ ಭಾವಿಸೋಣ. ನದಿಯ ನೀರು ತಿಳಿಯಾಗಲು ಲೀಟರಿಗೆ 50 ಮಿಲಿಗ್ರಾಂ ಆಲಂ ಹಾಕಿದರೆ ಸೇರುವ ಆರ್ಸೆನಿಕ್ 0.0005 ಮಿಲಿಗ್ರಾಂ. ಕುಡಿಯುವ ನೀರಿನ ಮಿತಿ 0.01 ಮಿಲಿಗ್ರಾಂ, ಆದ್ದರಿಂದ ಭಯವಿಲ್ಲ. ಆದರೆ ಫ್ಲೋರೈಡ್ ತೆಗೆಯಲು ಲೀಟರಿಗೆ ನೂರಾರು ಮಿಲಿಗ್ರಾಂ ಆಲಂ ಬೇಕು. 500 ಮಿಲಿಗ್ರಾಂ ಹಾಕಿದರೆ ಮಿತಿಯ ಅರ್ಧದಷ್ಟು ಆರ್ಸೆನಿಕ್ ಔಷಧಿಯಿಂದಲೇ ಬಂದಂತಾಯಿತು. ಅದರ ಬಹುಭಾಗ ಕೆಸರಿನೊಂದಿಗೆ ತಳ ಸೇರಬಹುದು, ನಿಜ. ಆ ಕೆಸರನ್ನು ಬಾವಿಯ ಪಕ್ಕದಲ್ಲೇ ಸುರಿದರೆ?

ನೀರಿನ ಪಾಕಿಯನ್ನು ಅಳೆಯಲು ನಮ್ಮ ಫಿಕ್ಹ್ ಪಂಡಿತರು ಬಣ್ಣ, ವಾಸನೆ, ರುಚಿ ಎಂಬ ಮೂರು ಗುರುತುಗಳನ್ನು ಹೇಳಿದರು. ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಸಿಗುವ ಕೊಳೆಗೆ ಅದು ಸರಿಯಾದ ಅಳತೆಯೇ. ಆದರೆ ಇಷ್ಟು ಸಣ್ಣ ಪ್ರಮಾಣದ ಸೀಸಕ್ಕಾಗಲೀ ಆರ್ಸೆನಿಕ್‌ಗಾಗಲೀ ಈ ಮೂರೂ ಇಲ್ಲ. ಅದನ್ನು ಕಾಣಲು ಪ್ರಯೋಗಾಲಯವೇ ಬೇಕು.

ಈಗ ಕುಷ್ಟಗಿ, ಯಲಬುರ್ಗಾ ಹಳ್ಳಿಗಳಿಗೆಂದು ಕೃಷ್ಣಾ ನದಿಯ ನೀರಿನ ಬಹುಗ್ರಾಮ ಯೋಜನೆ ಬಂದಿದೆ. ಮಳೆಗಾಲದ ಕದಡಿದ ನೀರಿಗೂ ಆಲಂ ಬೇಕೇ ಬೇಕು. ಆಲಂಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 299 ಎಂಬ ಮಾನದಂಡವಿದೆ. ಹಿಂದೆ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವಾಗ ನಮ್ಮ ತಾಯಂದಿರು ತವರದಲ್ಲಿ ಸೀಸ ಬೆರೆತಿದೆಯೇ ಎಂದು ಕಲಾಯಿಗಾರನನ್ನು ಕೇಳದೆ ಬಿಡುತ್ತಿರಲಿಲ್ಲ. ಗ್ರಾಮಸಭೆಯಲ್ಲಿ ನಲ್ಲಿಯ ನೀರಿನ ವರದಿ ಕೇಳುವ ನಾವು, ಆ ನೀರಿಗೆ ಸುರಿದ ಆಲಂ ಚೀಲದ ಪರೀಕ್ಷಾ ವರದಿಯನ್ನೂ ಕೇಳಬೇಕು.