ಬಳ್ಳಾರಿ ಜಾಲಿ

ನಮ್ಮ ಜಿಲ್ಲೆಯ ಹೆಸರು ಹೊತ್ತು ನಾಡಿನ ತುಂಬ ತಿರುಗುವ ಮರವೊಂದಿದೆ, ಬಳ್ಳಾರಿ ಜಾಲಿ. ನಿಜ ಹೇಳಬೇಕೆಂದರೆ ಅದು ಬಳ್ಳಾರಿಯದೂ ಅಲ್ಲ, ಜಾಲಿಯೂ ಅಲ್ಲ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. ನಂಟಸ್ತನ ಹುಡುಕಿದರೆ ನಮ್ಮ ಕರಿಜಾಲಿಗಿಂತ, ದಸರೆಯಲ್ಲಿ ನಾವು ಕೈಗಿಡುವ ಬನ್ನಿಗೇ ಹತ್ತಿರ. ಇವೆರಡನ್ನೂ ಸಸ್ಯಶಾಸ್ತ್ರಜ್ಞರು ಬಹುಕಾಲ ಪ್ರೊಸಾಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಷ್ಟೆ ಈ ಪರದೇಶಿಯನ್ನು ನೆಲ್ಟುಮಾ ಎಂಬ ಬೇರೆ ಮನೆಗೆ ಕಳಿಸಿದರು.

ಬಳ್ಳಾರಿ, ಕಡಪ ಎರಡೂ ಆಗ ಮದರಾಸು ಪ್ರಾಂತ್ಯದ ಜಿಲ್ಲೆಗಳು. ಒಣಭೂಮಿಯಲ್ಲಿ ಬೆಳೆಯುವ ಮರ ಎಂದು ಅಲ್ಲಿನ ಅರಣ್ಯಾಧಿಕಾರಿಗಳು 1876ರಲ್ಲಿ ಇದರ ಬೀಜಕ್ಕೆ ಬರೆದರು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಸಸಿಗಳು ನೆಲ ಕಂಡವು. ಇಸವಿಗಳನ್ನು ಗಮನಿಸಿ. ಅದು ಧಾತು, ಈಶ್ವರ ಸಂವತ್ಸರಗಳ ಮಹಾ ಬರಗಾಲ. ಜನ ದಾರಿಯಲ್ಲೇ ಬಿದ್ದು ಸಾಯುತ್ತಿದ್ದ ಆ ಕಾಲದಲ್ಲಿ ನೀರಿಲ್ಲದೆ ಬದುಕುವ ಹಸಿರು ಯಾರಿಗೆ ಬೇಡ? ಮುಂದೆ ಜೋಧಪುರದ ಅರಸರು 1940ರಲ್ಲಿ ಇದನ್ನು ರಾಜಮರವೆಂದು ಸಾರಿದರು. 1960ರ ದಶಕದಲ್ಲಿ ಕಛ್‌ನ ಹುಲ್ಲುಗಾವಲಿಗೂ ಇಳಿಸಿದರು, ರಣದ ಉಪ್ಪು ಮುಂದೆ ಬಾರದಿರಲೆಂದು. ಅಲ್ಲಿನ ದನಗಾಹಿಗಳು ಈಗ ಕರೆಯುವುದು ಗಾಂಡೊ ಬಾವಳ ಎಂದು, ಅಂದರೆ ಹುಚ್ಚು ಜಾಲಿ.

ತಂದವರ ಉದ್ದೇಶ ಕೆಟ್ಟದ್ದಿರಲಿಲ್ಲ. ತಪ್ಪು ಇದ್ದದ್ದು 'ಬಂಜರು' ಎಂಬ ಒಂದು ಮಾತಿನಲ್ಲಿ. ಮರವಿಲ್ಲದ, ಕಂದಾಯ ಹುಟ್ಟದ ನೆಲವೆಲ್ಲ ಕಾಗದದ ಮೇಲೆ ಬಂಜರಾಯಿತು. ಆ ಬಂಜರಿನಲ್ಲಿ ಕರಡ ಹುಲ್ಲಿತ್ತು, ತಂಗಡಿ, ಬೋರೆ, ಕಾರೆ ಇದ್ದವು. ಹುಲ್ಲಿನ ನಡುವೆ ಚಿಗರಿ, ಚಿಗರಿಯ ಹಿಂದೆ ತೋಳ. ಚಿಗರಿಗೆ ಕಾಲು ಎಷ್ಟು ಮುಖ್ಯವೋ ಕಣ್ಣೂ ಅಷ್ಟೇ ಮುಖ್ಯ. ದೂರದಿಂದಲೇ ವೈರಿಯನ್ನು ಕಂಡು ಓಡುವ ಪ್ರಾಣಿಗೆ ಮುಳ್ಳಿನ ಗೋಡೆ ಕಟ್ಟಿದರೆ ಅದು ಕಾಡಲ್ಲ, ಬೋನು. ನೆಲದ ಮೇಲೆ ಮೊಟ್ಟೆಯಿಡುವ ಎರೆಭೂತ ಪಕ್ಷಿಯ ಪಾಡೂ ಅದೇ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗೆಂದು ಅಭಯಾರಣ್ಯ ಮಾಡಿದರು. ಅದರ ಬಹುಭಾಗ ನೀಲಗಿರಿ ತೋಪು. ಒಂದು ಕಾಲಕ್ಕೆ ಎರೆಭೂತಕ್ಕೂ ಹೆಸರಾಗಿದ್ದ ಆ ಜಾಗದಲ್ಲಿ ಈಗ ಆ ಹಕ್ಕಿ ಇಲ್ಲ. ಈ ಶತಮಾನದಲ್ಲೂ ಅದು ಕಂಡದ್ದು ನಮ್ಮ ಸಿರುಗುಪ್ಪ ತಾಲ್ಲೂಕಿನಲ್ಲಿ, ಅದೂ ರೈತರ ಎರೆಹೊಲಗಳಲ್ಲಿ. ಸರ್ಕಾರ ಬೇಲಿ ಹಾಕಿದ ಕಡೆ ಮಾತ್ರ ವನ್ಯಜೀವಿ ಇರುತ್ತದೆಂಬ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ನಮ್ಮದು ಎಂಟೆಕರೆ. ಅಣ್ಣ ತಮ್ಮಂದಿರು ಊರು ಬಿಟ್ಟ ಮೇಲೆ ಬೀಳು ಬಿದ್ದಿತ್ತು. ಹಿರಿಯರು ಬದುವಿಗೆ ಬೇಲಿಯೆಂದು ಬಿಟ್ಟುಕೊಂಡ ಜಾಲಿ ಹತ್ತು ವರ್ಷದಲ್ಲಿ ಹೊಲದ ಯಜಮಾನನಾಗಿತ್ತು. ಹಬ್ಬುವ ಬಗೆ ಸರಳ. ಬೇರೆ ಹಸಿರಿಲ್ಲದ ಬೇಸಗೆಯಲ್ಲಿ ಇದರ ಸಿಹಿ ಕಾಯಿಗೆ ಕುರಿ, ಮೇಕೆ, ದನ ಮುಗಿಬೀಳುತ್ತವೆ. ಬೀಜ ಹೊಟ್ಟೆಯೊಳಗೆ ಸಾಯುವುದಿಲ್ಲ, ಹಿಕ್ಕೆ ಸಗಣಿಯ ಗೊಬ್ಬರದೊಡನೆ ಹೊಸ ಜಾಗಕ್ಕೆ ಬಂದು ಬೀಳುತ್ತದೆ. ಸೊಂಟದೆತ್ತರಕ್ಕೆ ಕಡಿದರೆ ಒಂದು ಕಾಂಡದ ಬದಲು ಹತ್ತು ಚಿಗುರು. ಚಿಗುರೊಡೆಯುವ ಕಣ್ಣುಗಳು ನೆಲದೊಳಗಿನ ಬೇರಿನ ಕುತ್ತಿಗೆಯಲ್ಲಿರುತ್ತವೆ, ಅದನ್ನೇ ಅಗೆದು ತೆಗೆಯಬೇಕು. ಕಾಯಿದೆಯ ತೊಡಕಿಲ್ಲ. 1976ರ ಮರಗಳ ಸಂರಕ್ಷಣಾ ಕಾಯಿದೆ, ಅಪ್ಪಣೆಯಿಲ್ಲದೆ ಕಡಿಯಬಹುದಾದ ಮರಗಳ ಸಾಲಿನಲ್ಲಿ ಇದನ್ನೂ ಸೇರಿಸಿದೆ.

ತೊಡಕು ಬಂದದ್ದು ಬೇರೆ ಕಡೆಯಿಂದ. ಜೆಸಿಬಿ ಬಂದ ದಿನ ಸೌದೆ ಹೊರೆಯ ಅಜ್ಜಿಯೊಬ್ಬಳು ಬದುವಿನ ಮೇಲೆ ನಿಂತು ಕೇಳಿದಳು:

"ಬೇರ್ ಸಮೇತ ಕಿತ್ರ ನಾಳೆ ಒಲಿಗೆ ಏನ್ ಹಚ್ಚಬೇಕಪ್ಪಾ ನಾವು?"

"ಮೂರು ವರ್ಷ ಕೀಳ್ತೀವಿ ಬೇ, ಒಂದೇ ಸಲ ಅಲ್ಲ. ಕಟ್ಟಿಗೆ ನಿಮಗೇ."

"ಆಮ್ಯಾಲೆ?"

ಆ 'ಆಮೇಲೆ' ನನ್ನನ್ನು ಈಗಲೂ ಬಿಟ್ಟಿಲ್ಲ. ಬರದ ವರ್ಷಗಳಲ್ಲಿ ಈ ಪರದೇಶಿ ಮರವೇ ಬಡವರ ಒಲೆ ಉರಿಸಿದೆ, ಇದ್ದಿಲು ಸುಡುವವರಿಗೆ ಕೂಲಿ ಕೊಟ್ಟಿದೆ. ಚಿಗರಿಯ ಲೆಕ್ಕ ಬರೆಯುವವರು ಅಜ್ಜಿಯ ಹೊರೆಯನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ನಾವು ಆರೆಕರೆಯನ್ನು ಹಂತಹಂತವಾಗಿ ಬಿಡಿಸಿ, ಊರ ಕಡೆಯ ಎರಡೆಕರೆಯನ್ನು ಸೌದೆಗೆಂದು ಉಳಿಸಿದೆವು. ಆ ಎರಡೆಕರೆಯಿಂದ ಬೀಜ ಬರುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಮುಂಗಾರಿನಲ್ಲಿ ನೆಲ ಹಸಿಯಿರುವಾಗಲೇ ಗೇಣುದ್ದದ ಸಸಿಗಳನ್ನು ಕೈಯಿಂದ ಕೀಳಬೇಕು. ಒಂದು ವರ್ಷ ಬಿಟ್ಟರೆ ಮರುವರ್ಷ ಗುದ್ದಲಿ ಬೇಕು.

ಮೊದಲ ಮಳೆಗೆ ಬಂದದ್ದು ಬರೀ ಕಳೆ. ನೋಡಿದವರು ನಕ್ಕರು. ಇದ್ದ ಹಸಿರು ಕಿತ್ತು ಬಯಲು ಮಾಡಿದ ಎಂದರು. ಮೂರನೆಯ ವರ್ಷಕ್ಕೆ ಕರಡ ಎದ್ದಿತು, ಅದರ ಹಿಂದೆಯೇ ಗೌಜಲಕ್ಕಿ, ನೆಲಗುಬ್ಬಿ. ಕಳೆದ ಹಿಂಗಾರಿನಲ್ಲಿ ನರಿಯೊಂದು ಬದುವಿನಲ್ಲಿ ಬಿಲ ತೋಡಿತು. ಎರೆಭೂತ ಬಂದಿಲ್ಲ. ಆರೆಕರೆಗೆ ಅದು ಬರುವುದೂ ಇಲ್ಲ, ಅದಕ್ಕೆ ಬೇಕಾದದ್ದು ಮೈಲಿಗಟ್ಟಲೆ ಬಯಲು. ಪಕ್ಕದ ಹೊಲದವರು ಈ ವರ್ಷ ತಮ್ಮ ಬದುವಿನ ಜಾಲಿಯನ್ನೂ ಬೇರು ಸಮೇತ ತೆಗೆಸಿದ್ದಾರೆ. ನರಿಗಾಗಿ ಅಲ್ಲ, ಮೇವಿಗಾಗಿ. ಕರಡ ಹುಲ್ಲಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.