ಹದಿನಾಲ್ಕು ಸಾಲಿನ ವಲಸೆ

ಸಿರುಗುಪ್ಪ, ಕುರುಗೋಡು ಕಡೆಯಿಂದ ಓದಿ ಬೆಂಗಳೂರು ಸೇರಿದ ನಮ್ಮಲ್ಲಿ ಹಲವರಿಗೆ ಒಳಗೊಳಗೇ ಒಂದು ಅಳುಕು: ಇಂಗ್ಲಿಷಿನದು ಅಸಲಿ, ಕನ್ನಡದ್ದು ನಕಲು. ಕನ್ನಡದಲ್ಲೂ ಸಾನೆಟ್ ಇದೆ ಅಂದ್ರೆ, ‘ಅದೂ ಅಲ್ಲಿಂದ ತಂದಿದ್ದೇ ತಾನೇ?’ ಅಂತಾರೆ.

ತಂದಿದ್ದೇ. ಆದರೆ ಇಂಗ್ಲಿಷಿನವರೂ ತಂದವರೇ! ಸಾನೆಟ್ ಹುಟ್ಟಿದ್ದು 13ನೇ ಶತಮಾನದ ಸಿಸಿಲಿಯಲ್ಲಿ. ಪೆಟ್ರಾರ್ಕನ ಕೈಯಲ್ಲಿ ಹೆಸರು ಮಾಡಿ, 16ನೇ ಶತಮಾನದಲ್ಲಿ ಥಾಮಸ್ ವಯಟ್ ಮೂಲಕ ಇಂಗ್ಲೆಂಡ್ ಮುಟ್ಟಿತು. ಇಟಾಲಿಯನ್ ಸಾನೆಟ್ಟಿನ ಮೊದಲ ಎಂಟು ಸಾಲಿಗೆ ಎರಡೇ ಪ್ರಾಸ. ಇಂಗ್ಲಿಷಿನಲ್ಲಿ ಪ್ರಾಸ ಅಷ್ಟು ಸಲೀಸಾಗಿ ಸಿಗೋದಿಲ್ಲ. ಅದಕ್ಕೇ ಸರ್ರೆಯ ಅರ್ಲ್ ಹೆನ್ರಿ ಹೊವರ್ಡ್ ಅದನ್ನು ನಾಲ್ಕು ಸಾಲಿನ ಮೂರು ತುಂಡು, ಕೊನೆಗೊಂದು ಜೋಡಿಸಾಲು ಅಂತ ಒಡೆದ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ 154 ಸಾನೆಟ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಇದೇ ಜಾಡಿನವು.

ಕನ್ನಡದ ತೊಡಕೇ ಬೇರೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಕೂರುವುದು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಆ ಕಟ್ಟನ್ನೇ ಬಿಚ್ಚಿದರು. ಹೊಸ ರೂಪಗಳಿಗೆ ದಾರಿಯಾಯಿತು. ಸಾನೆಟ್ಟಿಗೆ ‘ಸುನೀತ’, ‘ಅಷ್ಟಷಟ್ಪದಿ’ ಅಂತ ಹೆಸರುಗಳು ಬಂದವು. ಮಾಸ್ತಿಯವರ ‘ಮಲಾರ’, ಕುವೆಂಪು ಅವರ ‘ಕೃತ್ತಿಕೆ’ (1946) ಪೂರ್ತಿ ಸುನೀತಗಳ ಸಂಕಲನಗಳು.

ಇನ್ನು ಲಯ. ಇಂಗ್ಲಿಷ್ ಸಾಲು ನಡೆಯುವುದು ಉಚ್ಚಾರದ ಒತ್ತಿನ ಮೇಲೆ, ಕನ್ನಡದ್ದು ಮಾತ್ರೆಯ ಮೇಲೆ. ಹಾಗಾಗಿ ನಮ್ಮ ಕವಿಗಳು ಸುನೀತಕ್ಕೆ ಹೆಚ್ಚಾಗಿ ಹಿಡಿದದ್ದು ಐದು ಮಾತ್ರೆಯ ನಾಲ್ಕು ಗಣಗಳ ಸಾಲು. ಇದು ಲಲಿತ ರಗಳೆಯ ನಡೆ. ರಗಳೆಗೆ ದೊಡ್ಡ ಕಾವ್ಯದ ಪಟ್ಟ ಕೊಟ್ಟವನು ಹಂಪಿಯ ಹರಿಹರ. ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ಹಾದು ಹೋದರೆ ಸಿಗುವ ಅದೇ ಹಂಪಿ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ನಮ್ಮ ಜಿಲ್ಲೆಯದೇ.

ಮುಂದೆ ಸುನೀತದ ಭರಾಟೆಯೂ ತಗ್ಗಿತು. 1958ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ವಿ.ಕೃ. ಗೋಕಾಕ್, ಮುಕ್ತಛಂದಕ್ಕೆ ದಾರಿ ಮಾಡಿದವರಲ್ಲಿ ಒಬ್ಬರು. ಅಷ್ಟರಲ್ಲಿ ನವ್ಯರಿಗೆ ಈ ಅಚ್ಚುಕಟ್ಟೇ ಬಿಗಿ ಅನ್ನಿಸತೊಡಗಿತ್ತು.

ಸಾಲಿನ ಲೆಕ್ಕ ಸಿಸಿಲಿಯದು, ಹೆಜ್ಜೆ ಹಂಪಿಯದು. ಒಂದು ಸುನೀತವನ್ನು ಗಟ್ಟಿಯಾಗಿ ಓದಿ, ಐದೈದು ಮಾತ್ರೆ ಎಣಿಸಿ ನೋಡಿ. ನಕಲು ಅನ್ನೋ ಮಾತು ನಿಲ್ಲೋದಿಲ್ಲ.