ಸಾರೋಟಿನ ದಾರಿಯಲ್ಲಿ

ನನ್ನ ಬಲಮೊಣಕಾಲಿನ ಕೆಳಗೆ ಹುಣಸೆಬೀಜದಷ್ಟು ದೊಡ್ಡ ಕಲೆಯೊಂದಿದೆ. 1971ರ ಬೇಸಿಗೆ ರಜೆಯ ಗುರುತು ಅದು. ಸಾಗರದ ನಮ್ಮ ಕೇರಿಯ ಮೂಲೆಯಲ್ಲಿ ಬಾಡಿಗೆ ಸೈಕಲ್ ಅಂಗಡಿಯಿತ್ತು. ಗಂಟೆಗೆ ಇಪ್ಪತ್ತೈದು ಪೈಸೆ. ಅಕ್ಕ ಮತ್ತು ನಾನು ಅಜ್ಜಿ ಕೊಟ್ಟ ಚಿಲ್ಲರೆ ಕೂಡಿಟ್ಟು, ಅಪ್ಪಯ್ಯ ತೋಟಕ್ಕೆ ಹೋದ ಹೊತ್ತು ನೋಡಿ, ಅಲ್ಲಿಂದ ಸೈಕಲ್ ತಂದೆವು. ನಾನು ಒಳಪೆಡ್ಲು ಹೊಡೆಯುವುದು, ಅಕ್ಕ ಹಿಂದೆ ಕ್ಯಾರಿಯರ್ ಹಿಡಿದು ಓಡುವುದು. ನಾಳೆ ಅವಳ ಸರದಿ ಎಂದು ಮಾತಾಗಿತ್ತು. ಮೂರನೇ ಸುತ್ತಿನಲ್ಲಿ ನನ್ನ ಲಂಗ ಚೈನಿಗೆ ಸಿಕ್ಕಿ ಜಲ್ಲಿಯ ಮೇಲೆ ಬಿದ್ದೆ. ಮನೆಯಲ್ಲಿ ಬೈಸಿಕೊಂಡವಳು ಅಕ್ಕ. ದೊಡ್ಡವಳಾಗಿ ಬುದ್ಧಿ ಬೇಡವೇ ಎಂದು. ಅಪ್ಪಯ್ಯ ಸಂಜೆ ಅಂಗಡಿಯವನಿಗೆ, ನಮ್ಮ ಮನೆ ಹುಡುಗಿಯರಿಗೆ ಸೈಕಲ್ ಕೊಡಬೇಡ ಎಂದು ಹೇಳಿ ಬಂದರು. ಅಕ್ಕನ ನಾಳೆ ಬರಲೇ ಇಲ್ಲ. ನಾಲ್ಕು ವರ್ಷದಲ್ಲಿ ಅವಳಿಗೆ ಮದುವೆಯಾಯಿತು.

ಇದನ್ನೆಲ್ಲ ಮತ್ತೆ ನೆನೆಯುವಂತಾದದ್ದು 2023ರ ಅಕ್ಟೋಬರಿನಲ್ಲಿ, ಅಮೆರಿಕದ ಮೇನ್ ರಾಜ್ಯದ ಮೌಂಟ್ ಡೆಸರ್ಟ್ ಎಂಬ ದ್ವೀಪದಲ್ಲಿ. ಮಗಳ ಮನೆ ಬಾಸ್ಟನ್ನಿನ ಹತ್ತಿರ. ಅಲ್ಲಿಂದ ಕಾರಿನಲ್ಲಿ ಐದು ಗಂಟೆಯ ದಾರಿ. ದ್ವೀಪವೆಂದರೂ ದೋಣಿ ಬೇಡ, ಸೇತುವೆಯಿದೆ. ಸಮುದ್ರದಂಚಿನಿಂದಲೇ ಎದ್ದು ನಿಂತ ಗ್ರಾನೈಟಿನ ಗುಡ್ಡಗಳು, ಅವುಗಳ ನಡುವೆ ಕಾಡು, ಕಾಡಿನ ನಡುವೆ ಕೊಳಗಳು. ವಾಬನಾಕಿ ಎಂಬ ಮೂಲನಿವಾಸಿಗಳು ಸಾವಿರಾರು ವರ್ಷ ಬಾಳಿದ ನೆಲ ಅದು. 1604ರಲ್ಲಿ ಬಂದ ಫ್ರೆಂಚ್ ನಾವಿಕ ಶಾಂಪ್ಲೇನ್ ಬೋಳು ನೆತ್ತಿಯ ಗುಡ್ಡಗಳನ್ನು ಕಂಡು 'ಬರಡು ಬೆಟ್ಟಗಳ ದ್ವೀಪ' ಎಂಬರ್ಥದ ಹೆಸರಿಟ್ಟ. ಬರಡೇನೂ ಅಲ್ಲ. ಈಗ ಅದರ ಸುಮಾರು ಅರ್ಧದಷ್ಟು ಅಕೇಡಿಯಾ ರಾಷ್ಟ್ರೀಯ ಉದ್ಯಾನ.

ಅಳಿಯ ಮೊದಲೇ ಹೇಳಿದ್ದ: "ಅಮ್ಮ, ಅಲ್ಲಿ ಕಾಡೊಳಗೆ ನಲವತ್ತೈದು ಮೈಲಿ ಜಲ್ಲಿ ರಸ್ತೆಯಿದೆ. ಒಂದು ಕಾರೂ ಬರುವ ಹಾಗಿಲ್ಲ. ನೀವೂ ಸೈಕಲ್ ಹೊಡೀಬಹುದು." ಜಲ್ಲಿಯ ಮೇಲೆ ಓಡಿಸುವುದಕ್ಕೇ ಈಗ ಗ್ರಾವೆಲ್ ಬೈಕ್ ಎಂಬ ಬೇರೆಯೇ ಜಾತಿ ಬಂದಿದೆಯಂತೆ. ಟೈರು ತುಸು ದಪ್ಪ, ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಬಾಗಿರುತ್ತದೆ. ಬೆಲೆ ಕೇಳಿ ನಾನು ಸುಮ್ಮನಾದೆ. ನಮ್ಮ ಮಲೆನಾಡಿನಲ್ಲಿ ಹಾಲಿನ ಕ್ಯಾನು, ಅಡಿಕೆ ಮೂಟೆ, ಹಿಂದೊಬ್ಬಳು ಹೆಂಡತಿ, ಮುಂದೊಂದು ಮಗು ಹೊತ್ತು ಕೆಂಪು ಜಲ್ಲಿಯ ಮೇಲೆ ಓಡಿದ ಅಟ್ಲಾಸ್ ಸೈಕಲ್ಲುಗಳನ್ನು ಯಾರೂ ಹಾಗೆ ಕರೆಯಲಿಲ್ಲ, ಅಷ್ಟೆ.

ಆ ರಸ್ತೆಗಳ ಕತೆಯೇ ಒಂದು ವಿಚಿತ್ರ. ಅವನ್ನು ಕಟ್ಟಿಸಿದವರು ಜಾನ್ ಡಿ. ರಾಕ್‌ಫೆಲರ್ ಜೂನಿಯರ್. ತಂದೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಡೆಯ. ಮೊದಲು ಸೀಮೆಎಣ್ಣೆ, ಆಮೇಲೆ ಪೆಟ್ರೋಲ್ ಮಾರಿ ಅಳೆಯಲಾರದಷ್ಟು ದುಡ್ಡು ಮಾಡಿದ ಮನೆತನ. ಮೋಟಾರು ಹೆಚ್ಚಿದಷ್ಟೂ ಆ ಮನೆಗೆ ಲಾಭ. ಆದರೆ ಮಗನಿಗೆ ಕುದುರೆ ಸಾರೋಟಿನ ಪ್ರೀತಿ. 1910ರಲ್ಲಿ ಆ ದ್ವೀಪದ ಸೀಲ್ ಹಾರ್ಬರ್‌ನಲ್ಲಿ ಬೇಸಿಗೆ ಮನೆ ಕೊಂಡರು. ಆಗ ಅಲ್ಲಿ ಕಾರಿಗೆ ಪ್ರವೇಶವಿರಲಿಲ್ಲ. ಬೇಸಿಗೆ ಕಳೆಯಲು ಬರುತ್ತಿದ್ದ ಶ್ರೀಮಂತರಿಗೆ ಧೂಳು, ಸದ್ದು, ಬೆಚ್ಚಿಬೀಳುವ ಕುದುರೆ ಯಾವುದೂ ಬೇಡವಾಗಿತ್ತು. ಆದರೆ ಕಾಲ ನಿಲ್ಲುತ್ತದೆಯೇ? 1913ರಲ್ಲಿ ಆ ನಿಷೇಧ ಸಡಿಲವಾಯಿತು, ಕೆಲವೇ ವರ್ಷಗಳಲ್ಲಿ ದ್ವೀಪವೆಲ್ಲ ಕಾರಿಗೆ ತೆರೆದುಕೊಂಡಿತು. ಅದೇ 1913ರಲ್ಲಿ ರಾಕ್‌ಫೆಲರ್ ತಮ್ಮ ಜಾಗದಲ್ಲಿ ಸಾರೋಟಿಗಾಗಿಯೇ ರಸ್ತೆ ಕಟ್ಟಿಸಲು ಶುರುಮಾಡಿದರು. ಮುಗಿದದ್ದು 1940ರಲ್ಲಿ. ಇಪ್ಪತ್ತೇಳು ವರ್ಷದಲ್ಲಿ 57 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 92 ಕಿಲೋಮೀಟರು. ಕಟ್ಟುತ್ತ ಕಟ್ಟುತ್ತ ಹೆಚ್ಚಿನ ಜಾಗವನ್ನು ರಾಷ್ಟ್ರೀಯ ಉದ್ಯಾನಕ್ಕೆ ದಾನ ಮಾಡಿದರು.

ಕಾರಿನ ವೈರಿ ಎಂದೂ ಅವರನ್ನು ಕರೆಯುವಂತಿಲ್ಲ. ಅದೇ ಉದ್ಯಾನದಲ್ಲಿ ಕಾರಿಗಾಗಿ ಬೇರೆ ರಸ್ತೆ ಕಟ್ಟಲೂ ಹಣ ಕೊಟ್ಟವರು ಅವರೇ. ನಮ್ಮ ಕಡೆ ಜಮೀನ್ದಾರರು ಒಂದು ಕೈಯಲ್ಲಿ ಗೇಣಿ ವಸೂಲು ಮಾಡಿ ಇನ್ನೊಂದು ಕೈಯಲ್ಲಿ ಅರವಟ್ಟಿಗೆ ಇಡಿಸುತ್ತಿದ್ದರಲ್ಲ, ಹಾಗೆ ಎಂದುಕೊಂಡೆ. ಕಾಡೊಳಗೆ ಇಷ್ಟೊಂದು ರಸ್ತೆ ಯಾಕೆ ಎಂದು ಆಗಲೇ ಜಗಳವೆದ್ದಿತ್ತು. 1920ರ ದಶಕದಲ್ಲಿ ಅಲ್ಲೇ ಬೇಸಿಗೆಗೆ ಬರುತ್ತಿದ್ದ ಸೆನೆಟರ್ ಪೆಪ್ಪರ್ ವಿರೋಧಿಸಿ ಕೆಲಸ ಕೆಲಕಾಲ ನಿಂತಿತ್ತು ಕೂಡ. ಅವರದೂ ತಪ್ಪಲ್ಲ. ಯಾವ ರಸ್ತೆಯಾದರೂ ಕಾಡಿನ ಮೈಮೇಲಿನ ಗೀರೇ. ಮಲೆನಾಡಿನವಳಾದ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಗೀರೆಳೆಯುವುದರಲ್ಲೂ ಒಂದು ಮರ್ಯಾದೆಯಿದೆ. ಗುಡ್ಡವನ್ನು ಸೀಳಿ ನೇರ ಹೋಗುವ ಬದಲು ಗುಡ್ಡದ ಮೈಯನ್ನೇ ಅನುಸರಿಸಿ ಬಳಸಿ ಬಳಸಿ ಹೋಗುತ್ತದೆ ಈ ರಸ್ತೆ. ಅಗಲ ಸುಮಾರು ಹದಿನಾರು ಅಡಿ. ಕುದುರೆ ಏದುಸಿರು ಬಿಡದಷ್ಟೇ ಏರು. ಒಡೆದ ಕಲ್ಲನ್ನು ಮೂರು ಪದರ ಹಾಸುತ್ತಾರೆ. ಅಡಿಯಲ್ಲಿ ದಪ್ಪದ್ದು, ಮೇಲೆ ಸಣ್ಣದು, ಅದರ ಮೇಲೆ ಪುಡಿ, ಆಮೇಲೆ ರೋಲರ್. ಮಧ್ಯೆ ತುಸು ಉಬ್ಬು, ಬೆನ್ನಿನ ಹಾಗೆ, ನೀರು ಎರಡೂ ಬದಿ ಇಳಿಯಲೆಂದು. ಬದಿಗೆ ಅಗಲ ಚರಂಡಿ, ಅಲ್ಲಲ್ಲಿ ಕಲ್ಲಿನ ಮೋರಿ. ನಾವೂ ಮಳೆಗಾಲದಲ್ಲಿ ಮನೆಯಂಗಳಕ್ಕೆ ಹೀಗೇ ಇಳಿಜಾರು ಕೊಟ್ಟು ದರೆಯ ನೀರನ್ನು ತಿರುಗಿಸುತ್ತೇವೆ. ರಸ್ತೆ ಹಾಳಾಗುವುದು ಚಕ್ರದಿಂದಲ್ಲ, ನಿಂತ ನೀರಿನಿಂದ ಎಂಬುದು ನಮ್ಮ ಅಜ್ಜಿಗೂ ಗೊತ್ತಿತ್ತು. ಕಣಿವೆಯ ಕಡೆ ಗ್ರಾನೈಟಿನ ಗುಂಡುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಊರವರು ಅವಕ್ಕೆ 'ರಾಕ್‌ಫೆಲರನ ಹಲ್ಲು' ಎಂದು ಹೆಸರಿಟ್ಟಿದ್ದಾರೆ. ಕಲ್ಲುಗಳು ಒಂದೂ ಸಮವಿಲ್ಲದೆ ನಿಜಕ್ಕೂ ಮುದುಕನ ಹಲ್ಲಿನಂತೆಯೇ ಇವೆ. ಅವರ ಹಣದಲ್ಲಿ ಕಟ್ಟಿದ ಹದಿನಾರು ಕಲ್ಲು ಹೊದಿಸಿದ ಸೇತುವೆಗಳಿವೆ. ಒಂದರಂತೆ ಇನ್ನೊಂದಿಲ್ಲ. 1917ರ ಮೊದಲನೆಯದಕ್ಕೆ ಹೊಳೆಯ ಉರುಟು ಕಲ್ಲುಗಳನ್ನೇ ಹೊದಿಸಿದ್ದಾರೆ.

ಇನ್ನು ಬಿಯಾಟ್ರಿಕ್ಸ್ ಫ್ಯಾರಾಂಡ್ ಅವರ ವಿಷಯ ಹೇಳದೆ ಮುಂದೆ ಹೋಗಲಾರೆ. 1872ರಲ್ಲಿ ಹುಟ್ಟಿದವರು. ಅಮೆರಿಕದ ಉದ್ಯಾನ ವಿನ್ಯಾಸಕಾರರು 1899ರಲ್ಲಿ ಸಂಘ ಕಟ್ಟಿದಾಗ ಸ್ಥಾಪಕ ಸದಸ್ಯರು ಹನ್ನೊಂದು ಮಂದಿ. ಅವರಲ್ಲಿ ಹೆಂಗಸು ಇವರೊಬ್ಬರೇ. ಕಲ್ಲು ಹೊತ್ತು ಮಣ್ಣು ಅಗೆದು ಗಾಯಗೊಂಡ ರಸ್ತೆಬದಿಗಳಲ್ಲಿ ಏನು ನೆಡಬೇಕು ಎಂದು ಹೇಳಿದವರು ಇವರು. ರಸ್ತೆಯುದ್ದಕ್ಕೂ ಹೋಗಿ ನೋಡಿ, ಇಲ್ಲಿ ಇಂಥ ಗಿಡ, ಅಲ್ಲಿ ನೋಟ ಕಾಣುವಂತೆ ತೆರವು ಎಂದು ರಾಕ್‌ಫೆಲರರಿಗೆ ಬರೆದು ಕಳಿಸುತ್ತಿದ್ದರು. ಅದಕ್ಕೆ ಸಂಭಾವನೆ ಪಡೆಯಲಿಲ್ಲ. ನೆಡಿಸಿದ್ದು ಬ್ಲೂಬೆರಿಯಂಥ ಆ ಕಾಡಿನವೇ ಗಿಡಗಳನ್ನು, ದೂರದಿಂದ ತಂದ ಹೂವುಗಳನ್ನಲ್ಲ. ಇಂದು ನೋಡಿದರೆ ಅಲ್ಲಿ ಯಾರೋ ನೆಟ್ಟಿದ್ದಾರೆಂದೇ ತಿಳಿಯುವುದಿಲ್ಲ. ಚೆನ್ನಾಗಿ ಮಾಡಿದ ಮನೆಗೆಲಸ ಕಾಣುವುದಿಲ್ಲವಲ್ಲ, ಹಾಗೆ. ಅಲ್ಲೇ ಬಾರ್ ಹಾರ್ಬರ್ ಊರಿನಲ್ಲಿ ಅವರಿಗೆ ರೀಫ್ ಪಾಯಿಂಟ್ ಎಂಬ ಮನೆ, ತೋಟ, ಗ್ರಂಥಭಂಡಾರವಿತ್ತು. ಅದನ್ನು ತಮ್ಮ ನಂತರವೂ ಉಳಿಯುವ ಒಂದು ಕಲಿಕೆಯ ಕೇಂದ್ರ ಮಾಡಬೇಕೆಂದಿದ್ದರು. ತೆರಿಗೆ ವಿನಾಯಿತಿ ಸಿಗಲಿಲ್ಲ. ಮುಂದೆ ನೋಡಿಕೊಳ್ಳುವವರು ಸರಿಯಿರದಿದ್ದರೆ ತೋಟ ಹಾಳುಬೀಳುತ್ತದೆಂದು 1955ರಲ್ಲಿ, ತಮ್ಮ ಎಂಬತ್ತಮೂರರ ವಯಸ್ಸಿನಲ್ಲಿ, ತಾವೇ ಅದನ್ನು ಕಿತ್ತುಹಾಕಿಸಿದರು. ಗಿಡಗಳಲ್ಲಿ ಅನೇಕವು ಅದೇ ದ್ವೀಪದ ಬೇರೆರಡು ತೋಟಗಳಿಗೆ ಹೋಗಿ ಬದುಕಿಕೊಂಡವು. ನಾಲ್ಕು ವರ್ಷದ ಬಳಿಕ ಅವರು ತೀರಿಕೊಂಡರು. ಮನೆ ಮಾರುವಾಗ ಮಲ್ಲಿಗೆ ಬಳ್ಳಿಯನ್ನಾದರೂ ಕಿತ್ತು ತರುವ ನಮಗೆ ಈ ಸಂಕಟ ಅರ್ಥವಾಗದ್ದಲ್ಲ.

1947ರ ಅಕ್ಟೋಬರಿನಲ್ಲಿ ದ್ವೀಪಕ್ಕೆ ದೊಡ್ಡ ಬೆಂಕಿ ಬಿತ್ತು. 17 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು, ಅದರಲ್ಲಿ 10 ಸಾವಿರಕ್ಕೂ ಹೆಚ್ಚು ಉದ್ಯಾನದ್ದು. ಶ್ರೀಮಂತರ ಅರಮನೆಯಂಥ 67 ಬೇಸಿಗೆ ಮನೆಗಳು ಹೋದವು. ವರ್ಷವಿಡೀ ಅಲ್ಲೇ ಇದ್ದ ಜನರ ಮನೆಗಳು 170. ಈ ಎರಡನೆಯ ಲೆಕ್ಕವನ್ನು ಹೇಳುವವರು ಕಡಿಮೆ. ಸುಟ್ಟ ಕಡೆ ಕಪ್ಪುಹಸಿರಿನ ಸ್ಪ್ರೂಸ್ ಮರಗಳ ಜಾಗದಲ್ಲಿ ಬರ್ಚ್, ಆಸ್ಪೆನ್‌ಗಳು ಎದ್ದವು. ಶರತ್ಕಾಲದಲ್ಲಿ ಎಲೆ ಉದುರುವ ಮರಗಳು. ಈಗ ಅಕ್ಟೋಬರಿನಲ್ಲಿ ಜನ ಮುಗಿಬಿದ್ದು ನೋಡಲು ಬರುವ ಹಳದಿ ಬಣ್ಣದ ಬಹುಭಾಗ ಆ ಬೆಂಕಿಯದೇ ಬಳುವಳಿ.

ರಾಕ್‌ಫೆಲರ್ 1960ರಲ್ಲಿ ತೀರಿಕೊಂಡ ಮೇಲೆ ರಸ್ತೆಗಳು ಬಡವಾದವು. ಚರಂಡಿ ಮುಚ್ಚಿ ಬದಿಯಲ್ಲಿ ಪೊದೆ ಬೆಳೆಯಿತು, ಮೇಲಿನ ಪುಡಿ ಕೊಚ್ಚಿಹೋಯಿತು. 1992ರಿಂದ 1995ರವರೆಗೆ ದೊಡ್ಡ ಪ್ರಮಾಣದಲ್ಲಿ ದುರಸ್ತಿ ನಡೆಯಿತು. ಸರ್ಕಾರದ ಹಣದ ಜೊತೆ 'ಫ್ರೆಂಡ್ಸ್ ಆಫ್ ಅಕೇಡಿಯಾ' ಎಂಬ ನಾಗರಿಕರ ಸಂಘ ಶಾಶ್ವತ ನಿಧಿ ಕೂಡಿಸಿತು. ಇಂದು ನಡೆಯುವವರು, ಕುದುರೆಯವರು, ಸೈಕಲ್ಲಿನವರು ಹಂಚಿಕೊಂಡು ಬಳಸುತ್ತಾರೆ. ಸೈಕಲ್ಲಿನವರು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಉದ್ಯಾನದ ಹೊರಗಿನ ಹನ್ನೆರಡು ಮೈಲಿಯಷ್ಟು ಭಾಗ ಖಾಸಗಿ ನೆಲದಲ್ಲಿದೆ. ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ.

ಹೆಂಗಸಿಗೂ ಸೈಕಲ್ಲಿಗೂ ಇರುವ ನಂಟಿನ ಕತೆ ಆ ದೇಶದಲ್ಲೂ ಸುಲಭದ್ದಾಗಿರಲಿಲ್ಲ. 1890ರ ದಶಕದಲ್ಲಿ, ಸೈಕಲ್ ಹೊಡೆದರೆ ಹೆಣ್ಣಿನ ಮುಖ ವಿಕಾರವಾಗುತ್ತದೆ ಎಂದು ಹೇಳುವ ವೈದ್ಯರಿದ್ದರು. ಅದಕ್ಕೆ 'ಬೈಸಿಕಲ್ ಮುಖ' ಎಂದು ಹೆಸರೂ ಇಟ್ಟಿದ್ದರು! ಅದೇ ಕಾಲದಲ್ಲಿ ಬಾಸ್ಟನ್ನಿನಲ್ಲಿ ಕಿಟ್ಟಿ ನಾಕ್ಸ್ ಎಂಬ ಹುಡುಗಿಯಿದ್ದಳು. ಹೊಲಿಗೆ ಕೆಲಸದವಳು, ತಂದೆ ಕರಿಯ ಜನಾಂಗದವರು. ಉದ್ದ ಲಂಗ ಬಿಟ್ಟು ಸೈಕಲ್ಲಿಗೆ ಒಪ್ಪುವ ಷರಾಯಿಯನ್ನು ತಾನೇ ಹೊಲಿದುಕೊಂಡಳು. ದೇಶದ ದೊಡ್ಡ ಸೈಕಲ್ ಸಂಘ 1894ರಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮ ಮಾಡಿತು. ಅದಕ್ಕೂ ಮೊದಲೇ ಸದಸ್ಯಳಾಗಿದ್ದ ಅವಳು 1895ರಲ್ಲಿ ಅವರ ಸಮ್ಮೇಳನಕ್ಕೆ ತನ್ನ ಕಾರ್ಡು ಹಿಡಿದುಕೊಂಡೇ ಹೋದಳು. ಬದುಕಿದ್ದು 1900ರವರೆಗೆ ಮಾತ್ರ.

ನನಗೆ ಅಷ್ಟು ಎದೆಗಾರಿಕೆ ಇರಲಿಲ್ಲ. 1984ರಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಬಸ್ಸು ಇಳಿದು ಶಾಲೆಗೆ ಮೂರೂವರೆ ಕಿಲೋಮೀಟರು. ಜೊತೆಯ ಮೇಷ್ಟರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಾನೂ ಕಲಿಯಲೇ ಎಂದಾಗ ಹೆಡ್‌ಮಾಸ್ತರರು, "ಟೀಚರಮ್ಮ ಸೈಕಲ್ ಹೊಡೆದರೆ ಮಕ್ಕಳು ನಗೋದಿಲ್ವೇನ್ರೀ?" ಎಂದರು. ಮಕ್ಕಳು ನಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೂ ಒಂಬತ್ತು ವರ್ಷ ನಡೆದೆ. 1991-92ರಲ್ಲಿ ತಮಿಳುನಾಡಿನ ಪುದುಕ್ಕೋಟೈಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತ ಸುದ್ದಿ ಓದಿದಾಗಲೂ ಪತ್ರಿಕೆ ಮಡಿಚಿಟ್ಟು ಹುಳಿ ಕುದಿಯಿತೇ ನೋಡಿದೆ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿತು. ಒಬ್ಬಳು, "ಟೀಚರ್, ನಿಮಗೆ ಬರುತ್ತಾ?" ಎಂದು ಕೇಳಿದಳು. "ಓಹೋ" ಎಂದೆ. ನಲವತ್ತಾರು ವರ್ಷದ ಹೆಂಗಸು ಹೇಳಿದ ಸುಳ್ಳು.

ಈಗಲ್ ಲೇಕ್ ಎಂಬ ಕೊಳದ ಪಕ್ಕ ಅಳಿಯ ಬಾಡಿಗೆ ಸೈಕಲ್ಲುಗಳನ್ನು ಇಳಿಸಿದ. ಕೊಳ ಊರಿಗೆ ಕುಡಿಯುವ ನೀರಿನದು, ಯಾರೂ ಇಳಿಯುವಂತಿಲ್ಲ, ಹಾಗಾಗಿ ಕನ್ನಡಿಯ ಹಾಗಿತ್ತು. ನನ್ನ ಸೀಟನ್ನು ಎರಡೂ ಕಾಲು ನೆಲಕ್ಕೆ ತಾಗುವಷ್ಟು ತಗ್ಗಿಸಿದ. ಮಗಳು ಹಿಂದೆ ಹಿಡಿದುಕೊಳ್ಳಲು ಬಂದಳು. ಬೇಡವೆಂದೆ. ಮೊದಲ ಸಲ ಎರಡು ಮಾರು ಹೋಗಿ ಚರಂಡಿಯ ಕಡೆ ವಾಲಿ ಬಿದ್ದೆ. ಅರವತ್ತಮೂರರಲ್ಲಿ ಬಿದ್ದರೆ ನೋವಿಗಿಂತ ಮೊದಲು ಮೂಳೆಯ ಚಿಂತೆ. ಏನೂ ಆಗಿರಲಿಲ್ಲ. ಎರಡನೇ ಸಲವೂ ಕಾಲು ಊರಿದೆ. ಮೂರನೇ ಸಲ ಹ್ಯಾಂಡಲ್ ನೋಡುವುದು ಬಿಟ್ಟು ಮುಂದಿನ ತಿರುವು ನೋಡಿದೆ. ಪುಡಿಗಲ್ಲು ಟೈರಿನಡಿ ಅಕ್ಕಿ ಕೇರುವ ಸದ್ದು ಮಾಡುತ್ತಿತ್ತು. ಹಾರ್ನಿಲ್ಲ, ಹಿಂದಿನಿಂದ ಲಾರಿ ಬರುವ ಭಯವಿಲ್ಲ. ನಮ್ಮೂರ ರಸ್ತೆಯಲ್ಲಾದರೆ ಈ ವಯಸ್ಸಿನಲ್ಲಿ ಕಲಿಯಲು ನಾನೇ ಬೇಡವೆನ್ನುತ್ತಿದ್ದೆ. ಎದುರಿಗೆ ಕುದುರೆಯ ಮೇಲೆ ಒಬ್ಬಾಕೆ ಬಂದಳು. ನಿಯಮ ನೆನಪಾಗಿ, ಇಳಿಯಲು ಬಾರದೆ, ಹೇಗೋ ಬ್ರೇಕು ಹಿಡಿದು ಪಕ್ಕಕ್ಕೆ ನಿಂತೆ. ಆಕೆ ನಕ್ಕು ಕೈ ಬೀಸಿದಳು. ಮಗಳು ಬಂದು ಮುಟ್ಟುವಾಗ ಅರ್ಧ ಮೈಲಿಯಾಗಿತ್ತಂತೆ.

ರಾತ್ರಿ ಫೋಟೋ ಕಳಿಸಿ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು, ದೋಸೆ ಹೊಯ್ಯುತ್ತಿದ್ದಳು.

"ಬಿದ್ಯೇನೇ?"

"ಒಂದು ಸಲ."

"ಬಟ್ಟೆ ಚೈನಿಗೆ ಸಿಕ್ಕಲಿಲ್ವಾ ಮಾರಾಯ್ತಿ?"

ಇಲ್ಲ, ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದೆ ಎಂದೆ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾವಲಿಯ ಸದ್ದು ಕೇಳುತ್ತಿತ್ತು. ಆಮೇಲೆ, "ಅದೊಂದು ಆಗ ನಮಗೆ ಹೊಳೀಲಿಲ್ಲ ನೋಡು" ಎಂದಳು.